ಲಕ್ಷದೀಪಕ್ಕೆ ಹೊರಡುವ ಮುನ್ನ

ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಪ್ರವೇಶದ ಟಿಕೇಟಿಲ್ಲ. ಸದಸ್ಯ ಬಾಂಧವರು ಲೆಕ್ಕ ಹಾಕಬೇಕಾದುದು ದಿನವನ್ನು ಮತ್ತು ಬಸ್ಸನ್ನು. ಉತ್ಸವವು ಕಾರ್ತಿಕ ಅಮಾವಾಸ್ಯೆಯ ಹೊತ್ತಿಗೆ ಮುಗಿಯುವುದರಿಂದ ತಾರೀಕು ಬದಲಾಗುತ್ತದೆ: 2023ರಲ್ಲಿ ಡಿಸೆಂಬರಿಗೆ ಬಂತು, 2024ರಲ್ಲಿ ನವೆಂಬರಿಗೆ. ಪಂಚಾಂಗ ನೋಡಿಯೇ ಕೊಯ್ಲಿನ ಆಳುಗಳಿಗೆ ದಿನ ಹೇಳಿರಿ.

ಬಂಟ್ವಾಳದವರು ಬಿ.ಸಿ.ರೋಡಿನಿಂದ, ಮೂಡಬಿದಿರೆಯವರು ವೇಣೂರು-ಗುರುವಾಯನಕೆರೆ ಮಾರ್ಗವಾಗಿ, ಕಾಫಿ ಸೀಮೆಯವರು ಚಾರ್ಮಾಡಿ ಘಾಟಿ ಇಳಿದು ಉಜಿರೆಗೇ ಬಂದು ಸೇರುವುದರಿಂದ ಅಲ್ಲಿಂದ ಮುಂದೆ ದಟ್ಟಣೆ ಹೆಚ್ಚು. ಉತ್ಸವ ತಡರಾತ್ರಿಯವರೆಗೂ ನಡೆಯುವುದು. ದೂರದವರು ಮರುಪ್ರಯಾಣದ ಸೀಟನ್ನು ಮೊದಲೇ ಕಾದಿರಿಸುವುದು ಲೇಸು.

ಹಿಂಗಾರು ಮಳೆ ಹೇಳಿ ಬರುವುದಿಲ್ಲ. ಅಂಗಳದ ಅಡಿಕೆ ನೆನೆದರೆ ಬೂಸ್ಟು ಹಿಡಿದು ದರ ಇಳಿಯುತ್ತದೆ. ಆದ್ದರಿಂದ ಮನೆಯವರು ಎರಡು ಪಾಲಾಗಿ, ಕೆಲವರು ಸರ್ವಧರ್ಮ ಸಮ್ಮೇಳನದ ದಿನ, ಉಳಿದವರು ಮರುದಿನದ ಸಾಹಿತ್ಯ ಸಮ್ಮೇಳನಕ್ಕೂ ದೀಪಕ್ಕೂ ಹೋಗಿಬರಲಿ.