ಫ್ರೀಜರ್‌ನಲ್ಲಿ ಉಳಿದ ಹಿತುಕಿದ ಬೇಳೆ

ಕಳೆದ ಜುಲೈನಲ್ಲಿ ಪುಣೆಯಲ್ಲಿ ಬಿಡದೆ ಮಳೆ ಸುರಿಯಿತು. ನಮ್ಮ ಸೊಸೈಟಿಯ ಟ್ರಾನ್ಸ್‌ಫಾರ್ಮರ್ ಕೆಟ್ಟು ಸುಮಾರು 30 ಗಂಟೆ ಕರೆಂಟ್ ಇರಲಿಲ್ಲ. ಜನರೇಟರ್ ಇದ್ದದ್ದು ಲಿಫ್ಟಿಗೂ ಮೆಟ್ಟಿಲಿನ ದೀಪಕ್ಕೂ ಮಾತ್ರ. ಎರಡನೆಯ ದಿನ ಮಧ್ಯಾಹ್ನ ಫ್ರಿಜ್ಜಿನ ಕೆಳಗೆ ನೀರು ಹರಿಯುತ್ತಿರುವುದನ್ನು ಮಗಳು ತೋರಿಸಿದಳು. ಲ್ಯಾಪ್‌ಟಾಪ್ ಬ್ಯಾಟರಿ ಮುಗಿದು ಸುಮ್ಮನೆ ಕೂತಿದ್ದವನು ನಾನೊಬ್ಬನೇ ಆದ್ದರಿಂದ ಫ್ರೀಜರ್ ಖಾಲಿ ಮಾಡುವ ಕೆಲಸ ನನ್ನ ತಲೆಗೆ ಬಂತು.

ಒಂದೊಂದಾಗಿ ಹೊರಗೆ ತೆಗೆದೆ. ಮೂರು ಡಬ್ಬಿ ತೆಂಗಿನತುರಿ. ಮಗಳ ಮಂಡಿಗೆ ಪೆಟ್ಟಾದಾಗ ಒತ್ತಲು ಇಟ್ಟುಕೊಂಡಿದ್ದ ಬಟಾಣಿ ಪ್ಯಾಕೆಟ್. ಯಾವ ವರ್ಷದ ಯುಗಾದಿಯದೋ ನಾಲ್ಕು ಒಬ್ಬಟ್ಟು. ಗೊಜ್ಜೋ ಟೊಮೆಟೊ ಸಾರೋ ನನಗೂ ಹೆಂಡತಿಗೂ ಗುರುತು ಸಿಗದ ಕೆಂಪು ಡಬ್ಬಿ ಒಂದು. ಆಫೀಸಿನಲ್ಲಿ ಯಾರೂ ಮುಟ್ಟದ ಟಿಕೆಟ್‌ಗಳನ್ನು ಬ್ಯಾಕ್‌ಲಾಗ್‌ಗೆ ತಳ್ಳುವುದು ನಮಗೆ ಅಭ್ಯಾಸ. ಮನೆಯಲ್ಲೂ ಅದನ್ನೇ ಮಾಡಿದ್ದೆವು.

ಹಿಂದಿನ ಮೂಲೆಯಲ್ಲಿ ಪ್ಲಾಸ್ಟಿಕ್ ಕವರ್ ಒಂದು ಮಂಜುಗಡ್ಡೆಗೆ ಅಂಟಿಕೊಂಡಿತ್ತು. ಒಳಗೆ ಬೂದುಗೆಂಪು ಹಿಟ್ಟು, ಜೊತೆಗೆ ಅಮ್ಮನ ಕೈಬರಹದ ಚೀಟಿ: 'ಪಾಪುಗೆ. ರಾಗಿ ಸರಿ. ಬಟ್ಟೇಲಿ ಸೋಸಿದ್ದು.' ಮಗಳು ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿ, "ಪಾಪು ಯಾರಪ್ಪ?" ಎಂದಳು. ಅವಳೀಗ ಮೂರನೇ ಕ್ಲಾಸು.

ರಾಗಿ ಸರಿ ಮಾಡುವುದು ನೋಡಿದವರಿಗೆ ಗೊತ್ತು. ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ನಾಲ್ಕೈದು ದಿನದ ಕೆಲಸ.

ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಅದರ ಪಕ್ಕದಲ್ಲಿದ್ದ ಮೂರು ಪ್ಯಾಕೆಟ್ ನೋಡಿ. ಮೂರೂ ಹಿತುಕಿದ ಬೇಳೆ. ಎರಡು ಆ ವರ್ಷದ ಜನವರಿಯವು, ಒಂದು ಅದರ ಹಿಂದಿನ ವರ್ಷದ್ದು.

ನಮ್ಮೂರು ತುಮಕೂರು. ಬೆಂಗಳೂರಿನಿಂದ ಪುಣೆಗೆ ಬರುವ ಸ್ಲೀಪರ್ ಬಸ್ಸು ಊರನ್ನು ದಾಟಿಯೇ ಬರುತ್ತದೆ. ಪ್ರತಿ ಚಳಿಗಾಲ ಸೊಗಡಿನ ಅವರೆಕಾಯಿ ಬಂದಾಗ ಅಮ್ಮ ಕಾಯಿ ಬಿಡಿಸಿ, ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಒಂದೊಂದೇ ಕಾಳನ್ನು ಬೆರಳ ನಡುವೆ ಹಿತುಕಿ ಸಿಪ್ಪೆ ತೆಗೆಯುತ್ತಾಳೆ. ಚೀಲದಷ್ಟು ಕಾಯಿ ತಂದರೂ ಕೊನೆಗೆ ಉಳಿಯುವುದು ಒಂದು ಪಾತ್ರೆ ಬೇಳೆ. ಅದನ್ನು ಹಂಚಿ ಕಟ್ಟಿ ಬಸ್ಸಿಗೆ ಹಾಕಿಸುತ್ತಾಳೆ.

ತಿನ್ನಲಿಲ್ಲವೇಕೆ ಅಂದರೆ ಇಷ್ಟವಿಲ್ಲ ಅಂತಲ್ಲ. ಇಷ್ಟ ಜಾಸ್ತಿಯಾಗಿತ್ತು. ಮಂಗಳವಾರ ರಾತ್ರಿ ಕಾಲ್ ಮುಗಿಸಿ ಬಂದು ಅವಸರದಲ್ಲಿ ಬೇಯಿಸುವ ಪದಾರ್ಥವಲ್ಲ ಅದು, ಭಾನುವಾರ ಮಾಡೋಣ, ಯಾರಾದರೂ ಕನ್ನಡದವರು ಊಟಕ್ಕೆ ಬಂದಾಗ ಮಾಡೋಣ ಎಂದು ಎತ್ತಿಟ್ಟೆವು. ಭಾನುವಾರಗಳು ಬಂದು ಹೋದವು. ಅಮ್ಮ ಫೋನಿನಲ್ಲಿ "ಬೇಳೆ ಸಾರು ಮಾಡಿದ್ರಾ?" ಎಂದಾಗೆಲ್ಲ "ಮಾಡಿದ್ವಿ, ಚೆನ್ನಾಗಿತ್ತು, ಮುಗೀತು" ಎನ್ನುತ್ತಿದ್ದೆ. ಬೇಸರವಾಗಬಾರದು ಅಂತ ಹೇಳುವ ಸುಳ್ಳು. ನೀವೂ ಹೇಳಿರುತ್ತೀರಿ.

ಫ್ರೀಜರ್‌ನಲ್ಲಿಟ್ಟದ್ದು ಕೆಡುವುದಿಲ್ಲ ಎಂಬ ಧೈರ್ಯವೂ ಇತ್ತು. ಅದು ಅರ್ಧ ನಿಜ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಆದರೆ ಎಲ್ಲವೂ ಸಾಯುವುದೂ ಇಲ್ಲ. ಆಹಾರ ಕರಗಿ ಬೆಚ್ಚಗಾದರೆ ಮತ್ತೆ ಬೆಳೆಯತೊಡಗುತ್ತವೆ. ಕಾಳಿನೊಳಗಿನ ಕಿಣ್ವಗಳು ಚಳಿಯಲ್ಲೂ ನಿಧಾನವಾಗಿ ಕೆಲಸ ಮಾಡಿ ಬಣ್ಣ, ರುಚಿ ಎರಡನ್ನೂ ಕೆಡಿಸುತ್ತವೆ. ಅದಕ್ಕೇ ಹಸಿ ಕಾಳುಗಳನ್ನು ಎರಡು ಮೂರು ನಿಮಿಷ ಕುದಿಯುವ ನೀರಿನಲ್ಲಿ ಹಾಕಿ ತೆಗೆದು, ತಣ್ಣೀರಿನಲ್ಲಿ ಆರಿಸಿ, ಆಮೇಲೆ ಫ್ರೀಜರ್‌ಗೆ ಇಡಬೇಕು. ಕವರಿನೊಳಗೆ ಗಾಳಿ ಉಳಿದರೆ ಆಹಾರದಲ್ಲಿರುವ ಮಂಜು ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ. ಹಳೆಯ ಪ್ಯಾಕೆಟ್‌ಗಳಲ್ಲಿ ಕಾಣುವ ಒಣಗಿದ ಬಿಳಿ ಕಲೆಗಳು ಅದರಿಂದಲೇ. ತೆಂಗಿನತುರಿಯಂಥ ಎಣ್ಣೆಯಂಶ ಇರುವುದು ಕೊನೆಗೆ ಕಮಟು ಹಿಡಿಯುತ್ತದೆ.

ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ ಚಳಿ ಹಿಡಿದುಕೊಳ್ಳುತ್ತದೆ ಎಂಬುದು ಸಾಮಾನ್ಯ ಲೆಕ್ಕ. ನಮ್ಮದು ಸಣ್ಣದು, ಮಗಳು ಐಸ್‌ಗಾಗಿ ಹತ್ತು ಸಲ ತೆಗೆದಿದ್ದಳು. ಒಬ್ಬಟ್ಟು, ತುರಿ, ಕೆಂಪು ಡಬ್ಬಿ, ರಾಗಿ ಹಿಟ್ಟು ಎಲ್ಲ ಕಸಕ್ಕೆ ಹೋಯಿತು. ಬೇಳೆಯ ಪ್ಯಾಕೆಟ್‌ಗಳ ನಡುವೆ ಮಾತ್ರ ಇನ್ನೂ ಗಟ್ಟಿ ಮಂಜಿತ್ತು.

ಅಷ್ಟರಲ್ಲಿ ಮೇಣದಬತ್ತಿ ಕೇಳಲು ಪಕ್ಕದ ಮನೆಯ ಮರಾಠಿ ಅಜ್ಜಿ ಬಂದರು. ಬೇಳೆ ನೋಡಿದವರೇ "ಡಾಳಿಂಬ್ಯಾ!" ಎಂದರು. ಅವರಲ್ಲಿ ಕಡವೆ ವಾಲ್ ಮೊಳಕೆ ಬರಿಸಿ, ಹೀಗೇ ಒಂದೊಂದೇ ಸುಲಿದು ಉಸಳ್ ಮಾಡುತ್ತಾರೆ. ಅದೂ ಅವರೆಯ ಜಾತಿಯದೇ. ಒಂದು ಕಾಳು ಕೈಗೆ ತೆಗೆದುಕೊಂಡು, "ಇಷ್ಟು ಸುಲಿಯಲು ಯಾರು ಕೂತಿದ್ದರು? ನನ್ನ ಬೆರಳಿಗೆ ಈಗ ಆಗುವುದಿಲ್ಲಪ್ಪ" ಎಂದರು.

ಅವರು ಹೋದ ಮೇಲೆ ಹಳೆಯ ಪ್ಯಾಕೆಟ್ ಎಸೆದು, ಉಳಿದೆರಡನ್ನು ಸಾರು ಮಾಡಿದೆವು. ತಿನ್ನಬಹುದಿತ್ತು. ಸೊಗಡು ಮಾತ್ರ ಇರಲಿಲ್ಲ. ಮನೆಯಲ್ಲಿ ಸಾರು ಕುದಿಯುವಾಗ ಬೀದಿಗೆಲ್ಲ ಬರುತ್ತಿದ್ದ ಆ ವಾಸನೆ ನಮ್ಮ ಅಡುಗೆಮನೆಗೂ ಸಾಲಲಿಲ್ಲ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮೂರೂ ಹಂಗೇ ಇತ್ತಾ? ನೀನು ಮುಗೀತು ಅಂದ್ಯಲ್ಲೋ, ಸಾಲ್ಲಿಲ್ವೇನೋ ಅಂತ ಈ ಸಲ ಜಾಸ್ತಿ ಹಿತುಕ್ದೆ."

ಆಮೇಲೆ ಅಪ್ಪ ಫೋನ್ ತೆಗೆದುಕೊಂಡರು. ಬೆರಳಿನ ಗಂಟುಗಳು ಊದಿಕೊಂಡು ಜನವರಿಯಲ್ಲೇ ಡಾಕ್ಟರ ಹತ್ತಿರ ಹೋಗಿದ್ದರಂತೆ. ಬೇಡ ಬಿಡು ಎಂದರೂ, ಮಕ್ಕಳು ಇಷ್ಟಪಟ್ಟು ತಿಂತಾರೆ ಎಂದು ಕೂತು ಹಿತುಕಿದಳಂತೆ. ಅಮ್ಮ ಹಿಂದಿನಿಂದ, "ಅದೆಲ್ಲ ಯಾಕೆ ಹೇಳ್ತೀರಿ ಅವ್ನಿಗೆ? ಕರೆಂಟ್ ಬಂತಾ ಕೇಳಿ" ಎನ್ನುತ್ತಿದ್ದಳು.

ಅವತ್ತಿನವರೆಗೆ ನನ್ನ ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ ಅಂದುಕೊಂಡಿದ್ದೆ. ನಾನು "ಮುಗೀತು" ಅಂದದ್ದು ಅಮ್ಮನಿಗೆ "ಇನ್ನೂ ಬೇಕು" ಎಂದು ಕೇಳಿಸಿತ್ತು. ನನ್ನ ಉಪಚಾರದ ಮಾತಿಗೆ ಅವಳ ಬೆರಳು ದುಡಿದಿತ್ತು.

ಈಗ ಮನೆಯಲ್ಲಿ ಕೆಲವು ನಿಯಮಗಳಿವೆ. ಡಬ್ಬಿಯ ಮೇಲೆ ಹೆಸರು, ತಾರೀಖು ಇರಬೇಕು. ಫ್ರೀಜರ್‌ನಲ್ಲಿ ಏನಿದೆ ಎಂಬ ಪಟ್ಟಿ ಬಾಗಿಲ ಮೇಲೆ ಇರಬೇಕು. ಊರಿಂದ ಬಂದದ್ದನ್ನು ಆ ವಾರವೇ ಅಡುಗೆ ಮಾಡಬೇಕು, ಅತಿಥಿಗಾಗಿ ಕಾಯುವಂತಿಲ್ಲ. ಮುಖ್ಯವಾದದ್ದು, ಉಳಿದಿದ್ದರೆ ಉಳಿದಿದೆ ಅನ್ನಬೇಕು, ಬೇಡದಿದ್ದರೆ ಬೇಡ ಅನ್ನಬೇಕು. ಇದು ಹೇಳಿದಷ್ಟು ಸುಲಭವಲ್ಲ. "ಈ ಸಲ ಉಪ್ಪಿನಕಾಯಿ ಬೇಡಮ್ಮ" ಎಂದಾಗ ಎರಡು ದಿನ ಮಾತು ಬಿಗಿಯಾಗಿತ್ತು.

ಈ ಸಂಕ್ರಾಂತಿಗೆ ರಜೆ ಹಾಕಿ ತುಮಕೂರಿಗೆ ಹೋದೆವು. ಹಜಾರದಲ್ಲಿ ಪೇಪರ್ ಹಾಸಿ ಎಲ್ಲರೂ ಕೂತು ಹಿತುಕಿದೆವು. ಮಗಳು ಒತ್ತಿದ ಕಾಳು ಹಾರಿ ಗೋಡೆಗೆ ಹೊಡೆಯುತ್ತಿತ್ತು. ಅಮ್ಮ ಕುರ್ಚಿಯಲ್ಲಿ ಕೂತು "ಮೂತಿ ನೋಡಿ ಒತ್ತೇ" ಎಂದು ಹೇಳಿಕೊಡುತ್ತಿದ್ದಳು. ಬರುವಾಗ ಒಂದೇ ಒಂದು ಚಿಕ್ಕ ಕವರ್ ಕೊಟ್ಟಳು.

ಬಸ್ಸಿಳಿದ ದಿನ ರಾತ್ರಿಯೇ ಸಾರು ಮಾಡಿದೆವು. ಅವತ್ತು ಮಂಗಳವಾರ. ಊಟವಾದ ಮೇಲೆ ಫೋನ್ ಮಾಡಿ "ಮುಗೀತಮ್ಮ" ಎಂದೆ.

"ನಿಜವಾಗ್ಲೂ?" ಎಂದಳು.

ಖಾಲಿ ಪಾತ್ರೆಯ ಫೋಟೋ ಕಳಿಸಿದೆ.