ಆ ರೊಟ್ಟಿಗೆ ಏನು ಬೆರೆಸಿದ್ದಾರೆ, ಹೇಳಿ ನೋಡೋಣ!

ಅಮೆರಿಕದ ಸಾನ್ ಡಿಯೇಗೊ. ಅಲ್ಲಿನ ಓಷನ್ ಬೀಚ್ ಬಡಾವಣೆ. ನ್ಯೂಪೋರ್ಟ್ ಅವೆನ್ಯೂ ಹಿಡಿದು ನೆಟ್ಟಗೆ ನಡೆದರೆ ರಸ್ತೆ ಮುಗಿಯುವುದೇ ಪೆಸಿಫಿಕ್ ಸಾಗರದ ಮರಳಿನಲ್ಲಿ! ಆದರೆ ಮೂಗು ಅಲ್ಲಿಯವರೆಗೆ ಹೋಗಲು ಬಿಟ್ಟರೆ ತಾನೇ? ಸುಟ್ಟ ಮೆಣಸಿನಕಾಯಿಯ ಘಾಟು. ಹಿಂಡಿದ ನಿಂಬೆ. ಕೊತ್ತಂಬರಿ. ಕಾಲು ತಾನಾಗಿಯೇ ಮೆಕ್ಸಿಕನ್ ಹೋಟೆಲಿನತ್ತ ತಿರುಗುತ್ತದೆ.

ಒಳಗೆ ಏನು ಗದ್ದಲ! ಚಪ್ಪಲಿಯಿಂದ ಮರಳು ಉದುರಿಸುತ್ತ ನಿಂತ ಸರ್ಫಿಂಗ್ ಹುಡುಗರು. ಟೀವಿಯಲ್ಲಿ ಫುಟ್‌ಬಾಲ್. ಅಡುಗೆಮನೆಯಿಂದ ಸ್ಪ್ಯಾನಿಷ್ ಕೂಗು. ಮಂಗಳವಾರವಾದರಂತೂ ಕಾಲಿಡಲು ಜಾಗವಿಲ್ಲ, ಅವತ್ತು ‘ಟಾಕೋ ಟ್ಯೂಸ್‌ಡೇ’! (ಈ ಎರಡು ಪದಗಳನ್ನೂ ಒಂದು ಕಂಪನಿ 1989ರಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿತ್ತು. ಬಿಟ್ಟುಕೊಟ್ಟದ್ದು 2023ರಲ್ಲಿ. ಮಂಗಳವಾರಕ್ಕೂ ವಾರಸುದಾರರು!)

ತಟ್ಟೆ ಬಂತು. ಅಂಗೈಯಗಲದ ಮೆಕ್ಕೆಜೋಳದ ರೊಟ್ಟಿ, ಅಂದರೆ ಟೋರ್ಟಿಯಾ. ಅದರ ಮೇಲೆ ಗರಿಗರಿ ಕರಿದ ಮೀನು, ಸಣ್ಣಗೆ ಹೆಚ್ಚಿದ ಎಲೆಕೋಸು, ಬಿಳಿ ಸಾಸ್. ಇದೇ ಮೀನಿನ ಟಾಕೋ, ಗಡಿಯಾಚೆಯ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಕಡಲೂರುಗಳ ತಿನಿಸು. ರಾಲ್ಫ್ ರೂಬಿಯೊ ಎಂಬ ಕಾಲೇಜು ಹುಡುಗ ರಜೆಗೆಂದು ಅಲ್ಲಿನ ಸಾನ್ ಫೆಲಿಪೆಗೆ ಹೋದ. ತಿಂದ. ಮರುಳಾದ! 1983ರಲ್ಲಿ ಇಲ್ಲೇ ಹತ್ತಿರದ ಮಿಷನ್ ಬೇಯಲ್ಲಿ ಅಂಗಡಿ ಇಟ್ಟೇಬಿಟ್ಟ. ಊರಿಗೆ ಊರೇ ಮೀನಿನ ಟಾಕೋ ಹಿಂದೆ ಬಿತ್ತು.

ಮೀನು ಬದಿಗಿರಲಿ. ರೊಟ್ಟಿ ನೋಡಿ!

ಮಡಿಚಿ. ಇನ್ನೊಮ್ಮೆ ಮಡಿಚಿ. ಸೀಳಿತೇ? ಇಲ್ಲ! ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದವರಿಗೆ ಅದರ ಹಟ ಗೊತ್ತು. ಜಿಗುಟೇ ಇಲ್ಲ, ಅಂಚೆಲ್ಲ ಬಿರುಕು. ಇದರಲ್ಲಿ ಗೋಧಿ ಇಲ್ಲ. ಮೈದಾ ಇಲ್ಲ. ಮತ್ತೆ ಹೇಗೆ? ಊಹಿಸಿ! ಒಂದು ಸುಳಿವು: ಆ ವಸ್ತು ನಿಮ್ಮ ಅಜ್ಜಿಯ ಎಲೆಯಡಿಕೆ ಚೀಲದಲ್ಲೇ ಇತ್ತು.

ಅಡಿಕೆಯೇ? ಅಲ್ಲ. ಲವಂಗವೇ? ಅಲ್ಲವೇ ಅಲ್ಲ.

ಸುಣ್ಣ!

ಹೌದು ಸ್ವಾಮಿ, ಸುಣ್ಣ! ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಾರೆ. ರಾತ್ರಿಯಿಡೀ ಹಾಗೇ ನೆನೆಯಲು ಬಿಡುತ್ತಾರೆ. ಬೆಳಗ್ಗೆ ಉಜ್ಜಿದರೆ ಸಿಪ್ಪೆ ಜಾರಿಹೋಗುತ್ತದೆ. ತೊಳೆದು ಕಲ್ಲಿನಲ್ಲಿ ಅರೆದರೆ, ಅಗೋ, ಹೇಳಿದಂತೆ ಕೇಳುವ ಹಿಟ್ಟು! ಸುಣ್ಣ ಸಿಪ್ಪೆಯನ್ನು ಕರಗಿಸಿ ಅಂಟು ಬಿಡಿಸಿರುತ್ತದೆ. ಈ ವಿದ್ಯೆಗೆ ವಯಸ್ಸೆಷ್ಟು? ನೂರು ವರ್ಷ? ಐನೂರು? ಮೂರು ಸಾವಿರ ವರ್ಷಕ್ಕೂ ಹೆಚ್ಚು!

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಮೈ ಜುಮ್ಮೆನ್ನುವ ಭಾಗ ಈಗ ಬರುತ್ತಿದೆ.

ಸ್ಪೇನಿನವರು ಮೆಕ್ಕೆಜೋಳವನ್ನು ಯುರೋಪಿಗೆ ಒಯ್ದರು. ಸುಣ್ಣ ಒಯ್ಯಲಿಲ್ಲ! ಜೋಳವನ್ನೇ ನಂಬಿದ ಬಡವರ ಚರ್ಮ ಸುಲಿಯತೊಡಗಿತು. ಭೇದಿ ಹತ್ತಿತು. ಬುದ್ಧಿ ಭ್ರಮಿಸಿತು. ಆ ರೋಗ ಪೆಲಾಗ್ರ. ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಅದು ಅಮೆರಿಕದಲ್ಲಿ, ಬಹುಪಾಲು ದಕ್ಷಿಣ ರಾಜ್ಯಗಳಲ್ಲಿ, ಎಷ್ಟು ಜನರನ್ನು ಕೊಂದಿತು ಗೊತ್ತೇ? ಸುಮಾರು 1,00,000! ಜೋಳದಲ್ಲಿ ನಯಾಸಿನ್ ಎಂಬ ಜೀವಸತ್ವ ಇದೆ, ಆದರೆ ಬೀಗ ಹಾಕಿಕೊಂಡು ಕೂತಿದೆ. ಕೀಲಿಕೈ? ಅದೇ ಸುಣ್ಣ! ರೋಗಕ್ಕೆ ನಯಾಸಿನ್ನೇ ಮದ್ದು ಎಂದು ಪ್ರಯೋಗಾಲಯದಲ್ಲಿ ಗೊತ್ತಾದದ್ದು 1937ರಲ್ಲಿ. ಅಷ್ಟು ಹೊತ್ತಿಗೆ ಮೆಕ್ಸಿಕೋದ ಹೆಣ್ಣುಮಕ್ಕಳು ಸಾವಿರಾರು ವರ್ಷ ಆ ಬೀಗ ತೆಗೆದು ಮಕ್ಕಳಿಗೆ ಉಣ್ಣಿಸಿಯಾಗಿತ್ತು. ಈ ಹಿಟ್ಟಿನ ಮುಂದೆ ನನಗೆ ಯಾವ ಬಿರಿಯಾನಿಯೂ ದೊಡ್ಡದೆನಿಸುವುದಿಲ್ಲ, ಕ್ಷಮಿಸಿ.

ಗಂಟಲು ಒಣಗಿತೇ? ಕೌಂಟರಿನ ಮೇಲೆ ಗಾಜಿನ ಭರಣಿಗಳು ಸಾಲಾಗಿ ಕೂತಿವೆ. ಕಡುಗೆಂಪಿನದು ಏನು ಹೇಳಿ? ಪುನರ್ಪುಳಿ ಅಂದಿರಾ? ತಪ್ಪು! ಉತ್ತರ ಕರ್ನಾಟಕದವರು ರೊಟ್ಟಿಗೆ ಪಲ್ಯ ಮಾಡುವ ಪುಂಡಿಯ ಬಳಗದ ಗಿಡ. ಹೂವು ಉದುರಿದ ಮೇಲೆ ಉಳಿಯುವ ಕೆಂಪು ಪುಷ್ಪಪಾತ್ರೆಯನ್ನು ಒಣಗಿಸಿ, ನೆನೆಸಿ, ಸಕ್ಕರೆ ಹಾಕಿದ ಪಾನಕ. ಪಕ್ಕದ ಕಂದು ಭರಣಿ? ಹುಣಸೆಹಣ್ಣು!

ಹುಣಸೆ ಮೆಕ್ಸಿಕೋದ ಮರವಲ್ಲ. ಸ್ಪೇನಿನವರ ಕಾಲದಲ್ಲಿ ಹಡಗು ಹತ್ತಿ ಹೋದದ್ದು. ಅತ್ತ ಕಡೆಯಿಂದ ನಮಗೆ ಬಂದದ್ದೇನು? ಬ್ಯಾಡಗಿಯ ಮಾರುಕಟ್ಟೆಯನ್ನೇ ಕೆಂಪಾಗಿಸುವ ಮೆಣಸಿನಕಾಯಿ! ಟೊಮೆಟೊ! ಸಪೋಟ! ಏಕಾದಶಿಗೆ ಉಂಡೆ ಕಟ್ಟುವ ರಾಜಗಿರಿಯೂ! ಇವತ್ತಿನ ನಿಮ್ಮ ಮನೆಯ ಸಾರಿನಿಂದ ಆ ಕಡೆಯ ಸಾಮಾನು ತೆಗೆದುಬಿಡಿ. ಏನುಳಿಯಿತು?

ಅಗೋ, ಅಡುಗೆಯವನ ಬೆನ್ನ ಹಿಂದೆ ನಿಂತ ಸರಳಿನಲ್ಲಿ ಕೆಂಪು ಮಸಾಲೆಯ ಹಂದಿಮಾಂಸ ಸುತ್ತುತ್ತಿದೆ. ಈ ಭಾಗದಲ್ಲಿ ಅದಕ್ಕೆ ಅಡೊಬಾಡಾ ಅನ್ನುತ್ತಾರೆ. ಮಾಂಸವನ್ನು ಹೀಗೆ ನಿಲ್ಲಿಸಿ ಸುಡುವುದನ್ನು ಮೆಕ್ಸಿಕೋಗೆ ಕಲಿಸಿದವರು ಯಾರು? ಲೆಬನಾನಿನಿಂದ ವಲಸೆ ಬಂದವರು! ಪಕ್ಕದ ಮೇಜಿನವರ ಬುರಿಟೋ ಎಂಬ ರೊಟ್ಟಿಸುರುಳಿ ಸೀಳಿ ನೋಡಿದರೆ ಒಳಗೆ ಫ್ರೆಂಚ್ ಫ್ರೈಸ್! ಅದು ಸಾನ್ ಡಿಯೇಗೊದ್ದೇ ಕಿತಾಪತಿ.

ಈಗ ಸಾಲ್ಸಾ, ಅಂದರೆ ಅವರ ಖಾರದ ಚಟ್ನಿ. ಹಸಿರಿನದು ಹಾಕಿಕೊಳ್ಳಿ. ಕೆಂಪೂ ಪರವಾಗಿಲ್ಲ. ಕಿತ್ತಳೆ ಬಣ್ಣದ್ದರ ಹತ್ತಿರ ಹುಷಾರು! ‘ನಾನು ಗುಂಟೂರು ಮೆಣಸಿನಕಾಯಿ ತಿಂದವನು’ ಎಂಬ ಜಂಬ ಬೇಡ. ಹಲಪೀನೊ ಮೆಣಸಿನಕಾಯಿಯ ಖಾರ ಸ್ಕೋವಿಲ್ ಅಳತೆಯಲ್ಲಿ ಹೆಚ್ಚೆಂದರೆ 8,000. ಈ ಕಿತ್ತಳೆ ಸಾಲ್ಸಾದಲ್ಲಿರುವ ಹಬನೇರೊ ಮೆಣಸಿನಕಾಯಿಯದ್ದು? ಶುರುವಾಗುವುದೇ 1,00,000ದಿಂದ!

ಹಾಕಿಕೊಂಡೇಬಿಟ್ಟಿರಾ? ನೀರು ಕುಡಿಯಬೇಡಿ, ಖಾರ ನೀರಿನಲ್ಲಿ ಕರಗುವುದಿಲ್ಲ. ಹಾಲು ಬೆರೆಸಿದ ಓರ್ಚಾಟಾ ತರಿಸಿ. ಅಕ್ಕಿ ನೆನೆಸಿ ರುಬ್ಬಿ, ದಾಲ್ಚಿನ್ನಿ ಹಾಕಿದ ತಣ್ಣನೆಯ ಬಿಳಿ ಪಾನೀಯ. ಗಟಗಟ ಇಳಿಸಿ. ಆಯಿತೇ? ಕಣ್ಣೊರೆಸಿಕೊಂಡು ಇನ್ನೊಂದನ್ನು ಊಹಿಸಿ: ಮೆಕ್ಸಿಕೋದವರು ಇಷ್ಟಪಟ್ಟು ತರಿಸಿಕೊಳ್ಳುವ ಆ ದಾಲ್ಚಿನ್ನಿ ಎಲ್ಲಿಯದು?

ಶ್ರೀಲಂಕಾದ್ದು! ಅಲ್ಲಿಯ ದಾಲ್ಚಿನ್ನಿಗೆ ಅವರೇ ಅತಿ ದೊಡ್ಡ ಗಿರಾಕಿ!