ಸೆಲ್ಫ್ ಹೊಡೆಯುವ ಬ್ಯಾಟರಿ, ದೀಪ ಉರಿಸುವ ಬ್ಯಾಟರಿ

ತಿಪಟೂರಿನ ಯಾವುದೇ ಬ್ಯಾಟರಿ ಅಂಗಡಿಗೆ ಹೋಗಿ ‘ಯುಪಿಎಸ್ ಬ್ಯಾಟರಿ ಹೋಗಿದೆ, ಹೊಸದು ಬೇಕು’ ಅನ್ನಿ. ಮೊದಲ ಪ್ರಶ್ನೆ ‘ಎಷ್ಟು ಎಎಚ್ ಸಾರ್?’, ಎರಡನೆಯದು ‘ಹಳೇದು ಕೊಡ್ತೀರಾ?’. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇವಕ್ಕಿಂತ ಮುಂಚೆ ಬರಬೇಕಾದ ಇನ್ನೊಂದು ಪ್ರಶ್ನೆಯನ್ನು ಗಿರಾಕಿ ಕೇಳುವುದಿಲ್ಲ, ಅಂಗಡಿಯವರೂ ಅವಸರದಲ್ಲಿ ಬಿಟ್ಟುಬಿಡುತ್ತಾರೆ. ಈ ಬ್ಯಾಟರಿಯಿಂದ ತೆಗೆಯುವ ಕೆಲಸ ಎಂಥದ್ದು? ನಾಲ್ಕು ಸೆಕೆಂಡು ಜೋರಾಗಿ ಎಳೆದು ಬಿಡುವುದೋ, ನಾಲ್ಕು ಗಂಟೆ ಒಂದೇ ಸಮನೆ ಹಿಂಡುವುದೋ?

ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಯುಪಿಎಸ್ ಕೈಕೊಟ್ಟ ರಾತ್ರಿ. ಶೆಡ್ಡಿನಲ್ಲಿ ಟ್ರ್ಯಾಕ್ಟರ್ ಇರುತ್ತದೆ, ಅದರಲ್ಲೊಂದು ಬ್ಯಾಟರಿ ಇರುತ್ತದೆ. ಇದೂ 12 ವೋಲ್ಟು, ಅದೂ 12 ವೋಲ್ಟು. ಎರಡರಲ್ಲೂ ಇರುವುದು ಸೀಸ ಮತ್ತು ಆಸಿಡ್. ಬಿಚ್ಚಿ ತಂದು ಸಿಕ್ಕಿಸಿದರೆ ಫ್ಯಾನೂ ತಿರುಗುತ್ತದೆ, ಟಿವಿಯೂ ಓಡುತ್ತದೆ. ಒಂದು ರಾತ್ರಿಯ ಮಟ್ಟಿಗೆ ತಪ್ಪೇನಿಲ್ಲ. ಇದನ್ನೇ ಬೇಸಿಗೆಯುದ್ದಕ್ಕೂ ನಡೆಸಿದರೆ ಮಾತ್ರ ಮೊದಲ ಮಳೆ ಬಿದ್ದು ಉಳುಮೆಗೆ ಹೊರಟ ಬೆಳಿಗ್ಗೆ ಟ್ರ್ಯಾಕ್ಟರ್ ‘ಟಿಕ್ ಟಿಕ್’ ಅನ್ನುತ್ತದೆ, ಸೆಲ್ಫ್ ಎತ್ತುವುದಿಲ್ಲ.

ಕಾರಣ ಬ್ಯಾಟರಿಯ ಹೊಟ್ಟೆಯೊಳಗಿದೆ. ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ಸೀಸದ ಎರಡು ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಅದ್ದಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿ ಮಾಡಿದ. 1881ರಲ್ಲಿ ಕಮಿಯ್ ಫೋರ್ ಎಂಬಾತ ಸೀಸದ ಆಕ್ಸೈಡನ್ನು ಪೇಸ್ಟಿನಂತೆ ಪ್ಲೇಟಿಗೆ ಮೆತ್ತುವ ಉಪಾಯ ಕಂಡುಕೊಂಡ. ಇಂದಿಗೂ ಮೂಲ ಅದೇ. ಪ್ಲಸ್ ಪ್ಲೇಟಿನ ಮೇಲೆ ಕಂದು ಬಣ್ಣದ ಲೆಡ್ ಡೈಆಕ್ಸೈಡ್, ಮೈನಸ್ ಪ್ಲೇಟಿನ ಮೇಲೆ ಬೂದು ಬಣ್ಣದ ಸೀಸ. ಕರೆಂಟು ಎಳೆದಂತೆ ಎರಡೂ ಲೆಡ್ ಸಲ್ಫೇಟ್ ಆಗುತ್ತವೆ, ಚಾರ್ಜ್ ಮಾಡಿದರೆ ಮೊದಲಿನಂತಾಗುತ್ತವೆ.

ಟ್ರ್ಯಾಕ್ಟರಿನ ಡೀಸೆಲ್ ಎಂಜಿನನ್ನು ತಿರುಗಿಸಲು ಸ್ಟಾರ್ಟರ್ ಮೋಟರು ನೂರಾರು ಆಂಪಿಯರ್ ಕೇಳುತ್ತದೆ. ಅಷ್ಟನ್ನು ಒಂದೇ ಏಟಿಗೆ ಕೊಡಬೇಕಾದರೆ ಆಸಿಡ್ ತಾಕುವ ಮೇಲ್ಮೈ ದೊಡ್ಡದಿರಬೇಕು. ಅದಕ್ಕೇ ಅದರಲ್ಲಿ ತೆಳ್ಳನೆಯ ಪ್ಲೇಟುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. 300 ಆಂಪಿಯರಿನಂತೆ 5 ಸೆಕೆಂಡು ಸೆಲ್ಫ್ ಹೊಡೆದಿರಿ ಎಂದಿಟ್ಟುಕೊಳ್ಳಿ. ಖರ್ಚಾಗುವುದು ಅರ್ಧ ಆಂಪಿಯರ್-ಗಂಟೆ, ಅಂದರೆ ಅರ್ಧ ಎಎಚ್‌ಗಿಂತಲೂ ಕಡಿಮೆ. 80 ಎಎಚ್ ಬ್ಯಾಟರಿಯಲ್ಲಿ ಅದು ನೂರಕ್ಕೆ ಅರ್ಧ ಪಾಲು. ಎಂಜಿನ್ ಹತ್ತಿದೊಡನೆ ಡೈನಮೋ ಆ ಸಾಲವನ್ನು ತೀರಿಸಿಬಿಡುತ್ತದೆ. ಅಂದರೆ ಟ್ರ್ಯಾಕ್ಟರ್ ಬ್ಯಾಟರಿ ಆಯಸ್ಸಿಡೀ ತುಂಬಿದ ಹೊಟ್ಟೆಯಲ್ಲೇ ಇರುತ್ತದೆ, ಹಸಿವೆಂದರೇನೆಂದು ಅದಕ್ಕೆ ಗೊತ್ತಿಲ್ಲ.

ಅದನ್ನು ದಿನಾ ತಳ ಕಾಣುವಷ್ಟು ಬರಿದು ಮಾಡಿದರೆ ಆಗುವ ಅನಾಹುತವೇ ಬೇರೆ. ಪ್ಲಸ್ ಪ್ಲೇಟಿನ ಲೆಡ್ ಡೈಆಕ್ಸೈಡ್ ಸಲ್ಫೇಟ್ ಆಗುವಾಗ ಅದರ ಗಾತ್ರ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಚಾರ್ಜ್ ಆದಾಗ ಮತ್ತೆ ಕುಗ್ಗುತ್ತದೆ. ಹೀಗೆ ಉಬ್ಬಿ ಇಳಿದು, ಉಬ್ಬಿ ಇಳಿದು, ತೆಳ್ಳನೆಯ ಜಾಲರಿಗೆ ಮೆತ್ತಿದ್ದ ಪೇಸ್ಟು ಸಡಿಲವಾಗಿ ಉದುರುತ್ತದೆ. ಸತ್ತ ಟ್ರ್ಯಾಕ್ಟರ್ ಬ್ಯಾಟರಿಯ ತಳದಲ್ಲಿ ಕೂತಿರುವ ಕಂದು ಕೆಸರು ಅದೇ. ಕೆಸರು ಏರುತ್ತಾ ಬಂದು ಎರಡು ಪ್ಲೇಟುಗಳನ್ನು ಮುಟ್ಟಿತೆಂದರೆ ಆ ಸೆಲ್ ಶಾರ್ಟ್.

ಯುಪಿಎಸ್‌ಗೆಂದೇ ಬರುವ ಟ್ಯೂಬುಲರ್ ಬ್ಯಾಟರಿಯಲ್ಲಿ ಈ ಉದುರುವಿಕೆಗೇ ಮದ್ದು ಮಾಡಿದ್ದಾರೆ. ಅದರ ಪ್ಲಸ್ ಪ್ಲೇಟು ತಟ್ಟೆಯಂತಿರುವುದಿಲ್ಲ. ಸಾಲಾಗಿ ನಿಲ್ಲಿಸಿದ ಸೀಸದ ಕಡ್ಡಿಗಳು, ಪ್ರತಿ ಕಡ್ಡಿಗೂ ಪಾಲಿಯೆಸ್ಟರ್ ಬಟ್ಟೆಯ ಒಂದು ಕೊಳವೆ, ಕೊಳವೆಯೊಳಗೆ ಗಟ್ಟಿಯಾಗಿ ತುಂಬಿದ ಆಕ್ಸೈಡು. ಗೋಣಿಚೀಲದ ಬಾಯಿ ಹೊಲಿದ ಮೇಲೆ ಉಂಡೆ ಕೊಬ್ಬರಿ ಎಲ್ಲಿಗೂ ಉರುಳುವುದಿಲ್ಲವಲ್ಲ, ಹಾಗೆ. ಆಕ್ಸೈಡು ಉಬ್ಬಲಿ, ಕುಗ್ಗಲಿ, ಬಟ್ಟೆ ಅದನ್ನು ಹಿಡಿದಿಟ್ಟಿರುತ್ತದೆ. ಆಸಿಡ್ ಮಾತ್ರ ನೇಯ್ಗೆಯ ಸಂದಿಯಲ್ಲಿ ಒಳಗೆ ಹೊರಗೆ ಓಡಾಡುತ್ತದೆ. ಇದಕ್ಕೆ ತೆರುವ ಬೆಲೆಯೂ ಇದೆ. ಮೇಲ್ಮೈ ಕಡಿಮೆಯಾದ್ದರಿಂದ ಟ್ರ್ಯಾಕ್ಟರಿಗೆ ಬೇಕಾದ ಆ ಒಂದು ಏಟು ಇದರ ಕೈಲಿ ಸಲೀಸಾಗಿ ಆಗುವುದಿಲ್ಲ. ಹಾಗಾಗಿ ಅದಲು ಬದಲು ಎರಡು ಕಡೆಗೂ ನಷ್ಟವೇ.

ಈ ಭೇದ ನಮ್ಮ ತೋಟಗಳಿಗಷ್ಟೇ ಸೇರಿದ್ದಲ್ಲ. ಅಮೆರಿಕದ ಸರೋವರಗಳಲ್ಲಿ ಖುಷಿಗಾಗಿ ಮೀನು ಹಿಡಿಯುವವರ ದೋಣಿಗೆ ಎರಡು ಮೋಟರು. ದೂರ ಹೋಗಲು ಪೆಟ್ರೋಲ್ ಎಂಜಿನ್, ಮೀನಿರುವ ಕಡೆ ಸದ್ದಿಲ್ಲದೆ ಸರಿಯಲು ಟ್ರೋಲಿಂಗ್ ಮೋಟರ್ ಎಂಬ ಪುಟ್ಟ ವಿದ್ಯುತ್ ಮೋಟರು. ಎಂಜಿನ್ನಿಗೆ ಸೆಲ್ಫ್ ಹೊಡೆಯುವ ಬ್ಯಾಟರಿ, ಟ್ರೋಲಿಂಗ್ ಮೋಟರಿಗೆ ಗಂಟೆಗಟ್ಟಲೆ ಹಿಂಡಿಸಿಕೊಳ್ಳುವ ಬ್ಯಾಟರಿ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದವರು ನೀರಿನ ನಡುವೆ ಸಿಕ್ಕಿಕೊಳ್ಳುತ್ತಾರೆ. ಮಲ್ಲಾಘಟ್ಟದ ಕೆರೆಗಾಗಲಿ ಬೋರನಕಣಿವೆಗಾಗಲಿ ಹರಿಗೋಲು, ಹುಟ್ಟು ಸಾಕು. ಆ ತಲೆನೋವು ನಮಗಿಲ್ಲ.

ಇನ್ನು ಎಎಚ್‌ಗೆ ಬರೋಣ. ಡಬ್ಬದ ಮೇಲೆ 150 ಎಎಚ್ ಎಂದಿದ್ದರೆ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಸಿ20 ಎಂದೋ ಸಿ10 ಎಂದೋ ಇರುತ್ತದೆ. ಓದಬೇಕಾದದ್ದು ಅದನ್ನೇ. ಸಿ20 ಅಂದರೆ 20 ಗಂಟೆ ಕಾಲ ಏಳೂವರೆ ಆಂಪಿಯರಿನಂತೆ ಎಳೆದರೆ 150 ಸಿಗುತ್ತದೆ ಎಂದರ್ಥ. ಜೋರಾಗಿ ಎಳೆದಷ್ಟೂ ಸಿಗುವ ಒಟ್ಟು ಮೊತ್ತವೇ ಇಳಿಯುತ್ತದೆ. ಜರ್ಮನಿಯ ಪಾಯ್ಕರ್ಟ್ ಇದನ್ನು ಲೆಕ್ಕಕ್ಕೆ ಕಟ್ಟಿಕೊಟ್ಟದ್ದು 1897ರಲ್ಲಿ. ಅದೇ 150 ಎಎಚ್ ಸಿ10 ಆಗಿದ್ದರೆ 10 ಗಂಟೆಯಲ್ಲೇ ಅಷ್ಟು ಕೊಡುತ್ತದೆ, ಅಂದರೆ ನಿಜವಾಗಿ ದೊಡ್ಡ ಬ್ಯಾಟರಿ. ಎರಡರ ಬೆಲೆಯನ್ನು ಪಕ್ಕಪಕ್ಕ ಇಟ್ಟು ಒಂದು ಅಗ್ಗ, ಒಂದು ತುಟ್ಟಿ ಅನ್ನುವ ಮೊದಲು ಇದನ್ನು ನೋಡಬೇಕು.

ಒಂದು ಮನೆಯ ಲೆಕ್ಕ ಹಾಕೋಣ. 9 ವಾಟಿನ ನಾಲ್ಕು ಬಲ್ಬು, 75 ವಾಟಿನ ಎರಡು ಫ್ಯಾನು, 60 ವಾಟಿನ ಟಿವಿ. ಎಲ್ಲ ಸೇರಿ ಸುಮಾರು 250 ವಾಟು. ಯುಪಿಎಸ್ ತಾನು ತಿನ್ನುವುದನ್ನೂ ಸೇರಿಸಿದರೆ ಬ್ಯಾಟರಿಯಿಂದ ಹೊರಡುವುದು 26 ಆಂಪಿಯರ್. 150ನ್ನು 26ರಿಂದ ಭಾಗಿಸಿದರೆ ಸುಮಾರು ಆರು ಗಂಟೆ ಬರಬೇಕು. ಸಿ20 ಬ್ಯಾಟರಿಯಲ್ಲಿ ವಾಸ್ತವವಾಗಿ ಬರುವುದು ನಾಲ್ಕೂವರೆಯ ಆಸುಪಾಸು, ಅದೂ ಪೂರಾ ಬರಿದು ಮಾಡಿದರೆ. ಈಗ ಆ ಎರಡು ಫ್ಯಾನುಗಳನ್ನು ತೆಗೆದು 30 ವಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿ. ಅದೇ ಬ್ಯಾಟರಿ ಎಂಟು ಗಂಟೆಯ ಹತ್ತಿರ ಬರುತ್ತದೆ. 150ರ ಬದಲು 200 ಎಎಚ್ ತರಲು ಹೊರಟವರಿಗೆ ನಾನು ಮೊದಲು ತೋರಿಸುವುದು ಫ್ಯಾನಿನ ಅಂಗಡಿಯ ದಾರಿಯನ್ನೇ. (ತೋಟದ ಬೋರ್ ಮೋಟರನ್ನು ಇದರಲ್ಲಿ ಓಡಿಸಬಹುದೇ ಎಂದು ಕೇಳುವವರಿದ್ದಾರೆ. ಇಲ್ಲ. ಅದಕ್ಕೆ ಬೆಸ್ಕಾಂನ ತ್ರೀ ಫೇಸನ್ನೇ ಕಾಯಬೇಕು.)

ಹೊಸದು ತರುವ ಮುನ್ನ ಹಳೆಯದು ನಿಜವಾಗಿ ಸತ್ತಿದೆಯೇ ಎಂದು ನೋಡುವುದೂ ಒಳ್ಳೆಯದು. ಹೈಡ್ರೋಮೀಟರ್ ಎಂಬ ಗಾಜಿನ ಪಿಚಕಾರಿ ಹೆಚ್ಚು ದುಡ್ಡಿನದೇನಲ್ಲ. ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೆ ಆರೂ ಮುಚ್ಚಳ ತೆಗೆದು ಒಂದೊಂದೇ ಸೆಲ್ಲಿನಿಂದ ಆಸಿಡ್ ಎಳೆದು ನೋಡಿ. ಒಳಗಿನ ಬುರುಡೆ ತೇಲಿ 1.240ರ ಹತ್ತಿರ ನಿಂತರೆ ಆ ಸೆಲ್ ಗಟ್ಟಿಯಾಗಿದೆ. ಐದು ಸೆಲ್ ಸರಿಯಿದ್ದು ಒಂದು ಮಾತ್ರ 1.120ಕ್ಕೆ ಮುಳುಗಿದರೆ ಆ ಬ್ಯಾಟರಿಯ ಕಥೆ ಮುಗಿಯಿತು. ಆದರೆ ಆರೂ ಒಂದೇ ಸಮ ಕೆಳಗಿದ್ದರೆ ದೂರಬೇಕಾದದ್ದು ಬ್ಯಾಟರಿಯನ್ನಲ್ಲ, ಚಾರ್ಜನ್ನು. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವಾಗ ವೋಲ್ಟೇಜ್ ಬಿದ್ದುಹೋಗುವ ಊರಾದರೆ ಹೊಸ ಬ್ಯಾಟರಿಯೂ ಅರೆಹೊಟ್ಟೆಯಲ್ಲೇ ಸೊರಗುತ್ತದೆ. ಅರೆಹೊಟ್ಟೆಯಲ್ಲಿ ಬಿದ್ದಿದ್ದರೆ ಸಲ್ಫೇಟು ದೊಡ್ಡ ಹರಳಾಗಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗದು. ನೀರು ಹಾಕುವುದಿದ್ದರೆ ಡಿಸ್ಟಿಲ್ಡ್ ವಾಟರೇ ಆಗಬೇಕು. ಬೋರಿನ ನೀರಿನ ಕಬ್ಬಿಣ, ಕ್ಲೋರೈಡು ಪ್ಲೇಟಿಗೆ ವಿಷ.

ಈಗ ಎಲ್ಲರ ಬಾಯಲ್ಲೂ ಲಿಥಿಯಂ. ಯುಪಿಎಸ್‌ಗೆ ಬರುವುದು ಹೆಚ್ಚಾಗಿ ಲಿಥಿಯಂ ಐರನ್ ಫಾಸ್ಫೇಟ್. ಇದನ್ನು 1997ರಲ್ಲಿ ಪ್ರಬಂಧವಾಗಿ ಪ್ರಕಟಿಸಿದವರು ಟೆಕ್ಸಸ್‌ನ ಜಾನ್ ಗುಡ್‌ಇನಫ್ ಮತ್ತು ಅವರ ಜೊತೆ ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ. ಕೊನೆಯ ಹೆಸರು ನಮ್ಮ ಪಕ್ಕದ ಬೀದಿಯದೇ ಅನಿಸುತ್ತದೆ. ಒಂದೊಂದು ಸೆಲ್ 3.2 ವೋಲ್ಟು, ನಾಲ್ಕು ಸೇರಿದರೆ 12.8. ಸಾವಿರಾರು ಸಲ ಬರಿದು ಮಾಡಿದರೂ ತಡೆಯುತ್ತದೆ, ನೀರು ಕೇಳುವುದಿಲ್ಲ, ತೂಕ ಬಹಳ ಕಡಿಮೆ. ಆದರೆ ನಿಮ್ಮ ಹಳೇ ಯುಪಿಎಸ್‌ನಲ್ಲಿ ಲಿಥಿಯಂ ಸೆಟ್ಟಿಂಗ್ ಇಲ್ಲದಿದ್ದರೆ ಅದರ ಚಾರ್ಜರು ಟ್ಯೂಬುಲರ್‌ಗೆಂದು ಏರಿಸುವ ವೋಲ್ಟೇಜು ಇದಕ್ಕೆ ಹೆಚ್ಚಾಗುತ್ತದೆ. ಆಗ ಬ್ಯಾಟರಿಯ ಜೊತೆ ಯುಪಿಎಸ್ಸನ್ನೂ ಬದಲಿಸುವ ಖರ್ಚು.

ನನ್ನ ಅಳತೆ ಸರಳ. ಮೂಲೆಯಲ್ಲಿ ಕೂರುವುದಕ್ಕೆ ಟ್ಯೂಬುಲರ್ ಸಾಕು, ಅದರ ಭಾರ ಹೊರುವುದು ನೆಲ. ಬೆನ್ನಿನ ಮೇಲೆ ಹೊರುವುದಕ್ಕೆ, ಅಂದರೆ ಬ್ಯಾಟರಿ ಸ್ಪ್ರೇಯರಿಗೆ, ಲಿಥಿಯಂಗೆ ಕೊಟ್ಟ ದುಡ್ಡು ದಂಡವಲ್ಲ. ಸ್ಪ್ರೇಯರಿನ ಸೀಸದ ಬ್ಯಾಟರಿ ಸಾಯುವುದು ಔಷಧಿ ಹೊಡೆಯುವಾಗಲ್ಲ; ಕೆಲಸ ಮುಗಿಸಿ ಬರಿದಾಗಿಯೇ ಮುಂದಿನ ಹಂಗಾಮಿನವರೆಗೆ ಮೂಲೆಗೆಸೆದಾಗ. ಲಿಥಿಯಂ ಹಾಕಿಸಿದರೆ ಅದರದೇ ಚಾರ್ಜರನ್ನೂ ಕೇಳಿ ಪಡೆಯಿರಿ, ಹಳೆಯದನ್ನು ಸಿಕ್ಕಿಸಬೇಡಿ. ಮುಂದೆ ಸೋಡಿಯಂ ಬ್ಯಾಟರಿ ಬರಲಿದೆ ಅನ್ನುತ್ತಾರೆ. ಅದರ ಮೈನಸ್ ಧ್ರುವಕ್ಕೆ ಬೇಕಾದ ಗಟ್ಟಿ ಇಂಗಾಲವನ್ನು ತೆಂಗಿನ ಚಿಪ್ಪಿನಿಂದಲೇ ಮಾಡುತ್ತಾರೆ. ನಮ್ಮ ಕಡೆಯ ಚಿಪ್ಪು ಸದ್ಯಕ್ಕೆ ಇದ್ದಿಲಿನ ಗೂಡಿಗೆ ಹೋಗುತ್ತಿದೆ.

ಎಲ್ಲಿಡಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಚಾರ್ಜಾಗುವ ಟ್ಯೂಬುಲರ್ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು. ಹಗುರವಾದ ಅನಿಲ, ನೇರ ಮೇಲಕ್ಕೇ ಏರುತ್ತದೆ. ನಮ್ಮ ಮನೆಗಳಲ್ಲಿ ಮೇಲಿರುವುದು ಕೊಬ್ಬರಿ ಅಟ್ಟ, ತಿಂಗಳುಗಟ್ಟಲೆ ಒಣಗುತ್ತಿರುವ ಕಾಯಿ, ಮಟ್ಟೆಯ ನಾರು. ಆದ್ದರಿಂದ ಅಟ್ಟದ ಕೆಳಗಿನ ಕಿಟಕಿಯಿಲ್ಲದ ಕೋಣೆ ಬೇಡ. ಜಗುಲಿಯ ಮೂಲೆ ಆದೀತು, ಬಿಸಿಲು ಬೀಳದಿದ್ದರೆ. ಹತ್ತು ಡಿಗ್ರಿ ಬಿಸಿ ಹೆಚ್ಚಾದರೆ ಸೀಸದ ಬ್ಯಾಟರಿಯ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ.

ಹಳೆಯದನ್ನು ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಕಳೆಸಿಕೊಳ್ಳಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಮರುಬಳಕೆಗೆ ತಲುಪಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಸೀಸಕ್ಕಾಗಿ ಒಡೆಯುವ ಗುಜರಿಯವನು ಒಂದಿಷ್ಟು ಹೆಚ್ಚು ಕೊಡುತ್ತೇನೆ ಎಂದಾನು. ಅವನು ಮೊದಲು ಮಾಡುವ ಕೆಲಸ ಸೀಸ ಕರಗಿದ ಆಸಿಡನ್ನು ಮಣ್ಣಿಗೆ ಚೆಲ್ಲುವುದು, ಆ ಮಣ್ಣು ಯಾರದೋ ತೆಂಗಿನ ಬುಡದ್ದು.